ಹೊದಿಸಿ ಹೋದವಳು

“ಹುಳ ಬಿದ್ದಿದ್ರೆ ಎಲೆ ಸಮೇತ ಕಿತ್ತು ಬಿಸಾಕೇ, ನೋಡ್ತಾ ಏನ್ ಕೂತಿದೀಯ” ಎಂದು ಅಮ್ಮ ಫೋನಿನಲ್ಲಿ ಗದರಿದ್ದು ಆಗಸ್ಟ್ ಮೊದಲ ವಾರ. ಆಗ ನಾನು ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ, ಹಳೇ ಪೇಂಟ್ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಗೆಣಸಿನ ಹಂಬಿನ ಒಂದು ಎಲೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಮಗುಚಿ ಹಿಡಿದಿದ್ದೆ. ಎಲೆಯ ಅಡಿಯಲ್ಲಿ ಅವಳು ಕೂತಿದ್ದಳು.

ಅವಳು ಅಂದೆ. ವ್ಯಾಕರಣದ ಪ್ರಕಾರ ಹುಳಕ್ಕೆ “ಅದು” ಅನ್ನಬೇಕು. ಆದರೆ ನಮ್ಮಲ್ಲಿ ಕೂಸೂ “ಅದು”ವೇ. ಮಗು ಎದ್ದಿತು, ಅದಕ್ಕೆ ಹಸಿವಾಗಿದೆ ಅನ್ನುತ್ತೇವೆ. ಉತ್ತರ ಕರ್ನಾಟಕದ ಕಡೆ, ಬೆಳೆದ ಹುಡುಗಿಯನ್ನೂ “ಹುಡುಗಿ ಬಂತು” ಅನ್ನುವುದನ್ನು ಕೇಳಿದ್ದೇನೆ. ಹಾಗಾಗಿ ನಮ್ಮ ಭಾಷೆಯ “ಅದು” ಅಷ್ಟೇನೂ ದೂರ ನಿಲ್ಲಿಸುವ ಮಾತಲ್ಲ. ಈ ಬರಹದಲ್ಲಿ ಅದು, ಅವಳು ಎರಡೂ ಬೆರೆತುಹೋದರೆ ಹೊಟ್ಟೆಗೆ ಹಾಕಿಕೊಳ್ಳಿ.

ಗೆಣಸನ್ನು ನಾನು ಬೆಳೆಯಬೇಕೆಂದು ಬೆಳೆದದ್ದಲ್ಲ. ಶಿವರಾತ್ರಿಯ ಉಪವಾಸಕ್ಕೆಂದು ತಂದದ್ದರಲ್ಲಿ ಒಂದು, ಈರುಳ್ಳಿ ಬುಟ್ಟಿಯ ತಳ ಸೇರಿ ಮೊಳಕೆ ಒಡೆದಿತ್ತು. ಎಸೆಯಲು ಮನಸ್ಸಾಗದೆ ಬಕೆಟ್ಟಿನ ಮಣ್ಣಿಗೆ ಊರಿದೆ. ಮಳೆ ಹಿಡಿಯುವ ಹೊತ್ತಿಗೆ ಹಂಬು ಪ್ಯಾರಾಪೆಟ್ಟು ಹತ್ತಿ, ನೀರಿನ ಟ್ಯಾಂಕಿನ ಕಾಲು ಸುತ್ತಿಕೊಂಡು, ಬಟ್ಟೆ ಒಣಹಾಕುವ ತಂತಿಗೂ ಕೈ ಚಾಚಿತ್ತು. ಎಲೆಗಳಲ್ಲಿ ತೂತು ಕಂಡಾಗ ಅಮ್ಮನಿಗೆ ಹೇಳಿದ್ದೇ ನನ್ನ ತಪ್ಪು.

ಹುಳ ಹೇಗಿತ್ತು ಎಂದರೆ, ಹೆಬ್ಬೆರಳಿನ ಉಗುರಿನಷ್ಟು ಗಾತ್ರ. ಹಳದಿ ಬೆನ್ನು, ಅದರ ಮೇಲೆ ಕಪ್ಪು ಚುಕ್ಕೆಗಳು. ಸುತ್ತಲೂ ಗಾಜಿನಂಥ ಪಾರದರ್ಶಕ ಅಂಚು. ಆ ಅಂಚಿನ ಮೂಲಕ ಕೆಳಗಿನ ಎಲೆಯ ಹಸಿರು ಕಾಣುತ್ತದೆ. ಮುಟ್ಟಲು ಹೋದರೆ ಓಡುವುದಿಲ್ಲ, ಕಾಲು ಮೀಸೆಗಳನ್ನೆಲ್ಲ ಒಳಗೆಳೆದುಕೊಂಡು ಚಿಪ್ಪನ್ನು ಎಲೆಗೆ ಒತ್ತಿ ಗಪ್ಪನೆ ಕೂತುಬಿಡುತ್ತದೆ. ಆಮೆ ಜೀರುಂಡೆ ಎಂಬ ಹೆಸರು ಬಂದದ್ದೇ ಇದರಿಂದ. ನನ್ನ ಬಕೆಟ್ಟಿಗೆ ಬಂದದ್ದು ಆಸ್ಪಿಡಿಮಾರ್ಫಾ ಮಿಲಿಯಾರಿಸ್ ಎಂಬ ಜಾತಿ. ಭಾರತದಿಂದ ಆಗ್ನೇಯ ಏಷ್ಯಾದವರೆಗೆ ಗೆಣಸು ಬೆಳೆಯುವವರಿಗೆಲ್ಲ ಪರಿಚಿತ ಕೀಟ. ಕೆರೆಯಂಚಿನಲ್ಲಿ ಗುಲಾಬಿ-ನೇರಳೆ ಹೂ ಬಿಟ್ಟು ಹಬ್ಬಿರುವ ಐಪೋಮಿಯಾ ಗಿಡ ನೋಡಿರುತ್ತೀರಲ್ಲ, ಆಡು ತಿಂದರೆ ತಲೆ ಕೆಡಿಸಿಕೊಂಡು ತೂರಾಡುವಂಥದ್ದು, ಹಿಂದಿಯವರು “ಬೇಶರಮ್” ಎಂದು ಬೈಯುವಂಥದ್ದು? ಅದು ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಗಿಡ, ಆದರೆ ನಮ್ಮ ಈ ಹುಳ ಅದನ್ನೂ ತನ್ನದು ಮಾಡಿಕೊಂಡಿದೆ. ಗೆಣಸು, ಐಪೋಮಿಯಾ ಎರಡೂ ಒಂದೇ ಕುಲದವು ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಬಳಗದ ಹಿಡಿತದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ಫ್ಲಾರಿಡಾದಲ್ಲಿ ತಾಳೆ ಜಾತಿಯ ಗಿಡದ ಮೇಲೆ ಬದುಕುವ ನೀಲಿ ಆಮೆ ಜೀರುಂಡೆಯೊಂದಿದೆ. ಅದರ ಆರು ಪಾದಗಳಲ್ಲಿ ಒಟ್ಟು ಸುಮಾರು 60 ಸಾವಿರ ರೋಮಗಳು, ಅವುಗಳ ತುದಿಗೆಲ್ಲ ಎಣ್ಣೆಯ ಲೇಪ. ಇರುವೆ ಬಂದರೆ ಅಷ್ಟನ್ನೂ ಎಲೆಗೆ ಊರಿ ಕೂರುತ್ತದೆ. ತನ್ನ ತೂಕದ ಸುಮಾರು 60 ಪಟ್ಟು ಎಳೆತವನ್ನು ಎರಡು ನಿಮಿಷ ತಡೆದುಕೊಳ್ಳುತ್ತದೆ ಎಂದು ಕೀಟತಜ್ಞ ಥಾಮಸ್ ಐಸ್ನರ್ ಮತ್ತವರ ಸಹೋದ್ಯೋಗಿ 2000ದಲ್ಲಿ ಅಳೆದು ತೋರಿಸಿದರು. ಬಿಡಿಸಲಾಗದ ಹಟಕ್ಕೆ ನಾವು ಉಡದ ಪಟ್ಟು ಅನ್ನುತ್ತೇವೆ. ಉಡಕ್ಕೆ ಈ ಹುಳದ ಸುದ್ದಿ ಗೊತ್ತಿಲ್ಲ.

ನಮ್ಮ ತಾರಸಿಗೆ ವಾಪಸು ಬರೋಣ. ಅವಳು ಕೂತಲ್ಲಿ ಎಲೆಗೆ ಅಂಟಿಕೊಂಡಂತೆ ಕಂದು ಬಣ್ಣದ, ಕಾಗದದ ಹಾಗೆ ಕಾಣುವ ಒಂದು ಗಂಟಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಪದರದ ಮೇಲೆ ಪದರ. ನನಗೆ ನೆನಪಾದದ್ದು ಮದುವೆಯೂಟದ ಚಿರೋಟಿ. ಹಾಳೆಯಷ್ಟು ತೆಳ್ಳಗಿನ ಪೊರೆಗಳು, ಅವುಗಳ ನಡುವೆ ಸಾಲಾಗಿ ಮೊಟ್ಟೆಗಳು. ಅವಳ ಹೊಟ್ಟೆಯ ಗ್ರಂಥಿಗಳಿಂದ ಬರುವ ಅಂಟುದ್ರವ ಗಾಳಿಗೆ ಗಟ್ಟಿಯಾಗಿ ಈ ಪೊರೆಯಾಗುತ್ತದೆ. ಬಾಲದ ತುದಿಯನ್ನೇ ಸೌಟಿನಂತೆ ಆಡಿಸಿ ಹರಡುತ್ತಾಳೆ, ಮೊಟ್ಟೆ ಇಡುತ್ತಾಳೆ, ಮತ್ತೆ ಹರಡುತ್ತಾಳೆ. ಈ ಬಳಗದ ಮೊಟ್ಟೆಚೀಲಗಳ ಬಗ್ಗೆ ಮ್ಯೂರ್ ಮತ್ತು ಶಾರ್ಪ್ ಎಂಬ ಇಬ್ಬರು 1904ರಲ್ಲೇ ಲಂಡನ್ನಿನ ಕೀಟಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಬರೆದಿದ್ದರು. ಚೀಲ ಒಡೆಯದೆ ಎಣಿಸುವ ಉಪಾಯ ನನಗೆ ಹೊಳೆಯಲಿಲ್ಲ, ಒಡೆಯುವ ಮನಸ್ಸೂ ಬರಲಿಲ್ಲ. ಇಂಥ ಒಂದು ಚೀಲದಲ್ಲಿ ಹತ್ತಾರು ಮೊಟ್ಟೆಗಳಿರುತ್ತವೆ.

ಬೆಳಿಗ್ಗೆ ಏಳಕ್ಕೆ ಕಂಡವಳು ಹತ್ತಾದರೂ ಅಲ್ಲೇ ಇದ್ದಳು. ಕಾವಲು ಕೂತಿದ್ದಾಳೆ ಎಂದುಕೊಂಡೆ. ಹೆತ್ತವರಿಗೆ ಹೆಗ್ಗಣ ಮುದ್ದು, ಇವಳಿಗೆ ಚಿರೋಟಿ. ಫೋಟೋ ತೆಗೆದು ಗೆಳತಿಯರ ವಾಟ್ಸಾಪ್ ಗುಂಪಿಗೆ “ಬಾಣಂತಿ” ಎಂಬ ಶೀರ್ಷಿಕೆ ಹಾಕಿ ಕಳಿಸಿದೆ. ಹೃದಯದ ಚಿಹ್ನೆಗಳು ಸಾಲುಸಾಲಾಗಿ ಬಂದವು. ಸಂಜೆ ಬಟ್ಟೆ ತೆಗೆಯಲು ಹೋದಾಗ ನೋಡಿದರೆ ಅವಳಿಲ್ಲ. ಮಾರನೆಯ ದಿನವೂ ಇಲ್ಲ. ಬಾಣಂತಿ ಕೆಲಸ ಮುಗಿಸಿ ಎದ್ದು ಹೋಗಿದ್ದಳು. ಬೆಳಿಗ್ಗೆಯೆಲ್ಲ ನಾನು ಕಾವಲು ಅಂದುಕೊಂಡದ್ದು ಕೊನೆಯ ಪದರ ಬಳಿಯುವ ಕೆಲಸವಿದ್ದೀತು, ಇಲ್ಲವೇ ಬರೀ ದಣಿವಾರಿಸಿಕೊಂಡದ್ದು. ಗುಂಪಿಗೆ ತಿದ್ದುಪಡಿ ಕಳಿಸಲಿಲ್ಲ.

ಆಗಸ್ಟ್ 15, ರಜೆ. ಧ್ವಜವಂದನೆಯ ಹಾಡು ಪಕ್ಕದ ಶಾಲೆಯಿಂದ ಕೇಳುತ್ತಿರುವಾಗ ಚೀಲದಿಂದ ಮರಿಗಳು ಹೊರಬಂದವು. ಎಳ್ಳಿನಷ್ಟು ಚಿಕ್ಕವು, ಮಾಸಲು ಬಣ್ಣ, ಮೈ ಅಂಚಿಗೆಲ್ಲ ಮುಳ್ಳುಮುಳ್ಳು. ಒಂದೂ ದೂರ ಹೋಗಲಿಲ್ಲ. ಅದೇ ಎಲೆಯ ಮೇಲೆ ಒಂದಕ್ಕೊಂದು ಮೈ ತಾಗಿಸಿ ಗುಂಪಾಗಿ ಎಲೆಯ ಮೇಲ್ಪದರವನ್ನು ಕೆರೆಯತೊಡಗಿದವು. ಮೂರ್ನಾಲ್ಕು ದಿನಕ್ಕೆ ಆ ಎಲೆ ಜರಡಿಯಾಯಿತು, ಇಡೀ ಗುಂಪು ಪಕ್ಕದೆಲೆಗೆ ಹೊರಟಿತು.

ಇವು ಬೆಳೆಯುವಾಗ ಐದು ಹಂತ ದಾಟುತ್ತವೆ, ಹಂತಕ್ಕೊಮ್ಮೆ ಪೊರೆ ಕಳಚುತ್ತವೆ. ಹಾವು ಪೊರೆ ಬಿಟ್ಟು ಹೋಗುತ್ತದೆ, ಇದು ಬಿಡುವುದಿಲ್ಲ. ಬಾಲದ ತುದಿಯಲ್ಲಿ ಕವೆಗೋಲಿನಂಥ ಎರಡು ಮುಳ್ಳಿವೆ, ಕಳಚಿದ ಪೊರೆ ಅದಕ್ಕೆ ಸಿಕ್ಕಿಕೊಂಡೇ ಇರುತ್ತದೆ. ಮುಂದಿನ ಪೊರೆ ಅದರ ಕೆಳಗೆ. ಕೊನೆಯ ಹಂತದ ಮರಿಹುಳು ತನ್ನ ನಾಲ್ಕು ಹಳೆಯ ಮೈಗಳನ್ನು, ದೊಡ್ಡದು ಬುಡಕ್ಕೆ, ಚಿಕ್ಕದು ತುದಿಗೆ, ಒಟ್ಟಿಕೊಂಡು ಬೆನ್ನ ಮೇಲೆ ಕೊಡೆಯಂತೆ ಎತ್ತಿ ಹಿಡಿದಿರುತ್ತದೆ. ಎಳೆಯ ಮಕ್ಕಳ ಹಳೆಯ ಅಂಗಿಗಳನ್ನು ಟ್ರಂಕಿನಲ್ಲಿ ಎತ್ತಿಡುವ ಅಮ್ಮಂದಿರಿದ್ದಾರೆ, ಇಲ್ಲಿ ಮಕ್ಕಳೇ ಹೊತ್ತು ತಿರುಗುತ್ತವೆ. ಹುಲ್ಲುಕಡ್ಡಿಯಿಂದ ಒಂದರ ಪಕ್ಕೆ ಮುಟ್ಟಿದೆ, ಕೊಡೆ ತಟಕ್ಕನೆ ಆ ಕಡೆ ವಾಲಿತು. ಇನ್ನೊಂದು ಪಕ್ಕೆ ಮುಟ್ಟಿದೆ, ಈ ಕಡೆ ವಾಲಿತು. ಹತ್ತು ಸಲ ಮಾಡಿದ ಮೇಲೆ ನನಗೇ ನಾಚಿಕೆಯಾಗಿ ಬಿಟ್ಟೆ.

ಈ ಬಳಗದ ಬೇರೆ ಕೆಲವು ಮರಿಗಳು ಪೊರೆಯ ಜೊತೆ ತಮ್ಮ ಹಿಕ್ಕೆಯನ್ನೂ ಸೇರಿಸಿ ಗುರಾಣಿ ಕಟ್ಟುತ್ತವೆ. ಗುದವನ್ನು ಕೊಳವೆಯಂತೆ ಉದ್ದಕ್ಕೆ ಚಾಚಿ ಬೇಕಾದ ಜಾಗಕ್ಕೇ ಬಳಿಯಬಲ್ಲವು. ಇದು ಬರೀ ಗಲೀಜೋ, ಉಪಯೋಗವೂ ಇದೆಯೋ ಎಂಬುದನ್ನು ಅದೇ ಐಸ್ನರ್ ಮತ್ತು ಜೊತೆಗಾರರು 1967ರಲ್ಲಿ ಪರೀಕ್ಷೆ ಮಾಡಿದರು. ಇರುವೆ ಕಚ್ಚಲು ಬಂದ ಕಡೆಗೆ ಮರಿ ಗುರಾಣಿ ತಿರುಗಿಸುತ್ತದೆ, ಇರುವೆಯ ಬಾಯಿಗೆ ಹಿಕ್ಕೆ ಮೆತ್ತಿಕೊಳ್ಳುತ್ತದೆ, ಅದು ಹಿಂದೆ ಸರಿದು ಬಾಯಿ ಒರೆಸಿಕೊಳ್ಳತೊಡಗುತ್ತದೆ. ಅಷ್ಟೇ. ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಇಷ್ಟರಲ್ಲಿ ನನ್ನನ್ನು ಕಾಡತೊಡಗಿದ್ದು ಬೇರೆ. ಕಾವಲು ಕೂತಿದ್ದಾಳೆ ಎಂದು ಅಷ್ಟು ಸಲೀಸಾಗಿ ನಂಬಿದೆನಲ್ಲ, ಎಲೆ ತಿನ್ನುವ ಜೀರುಂಡೆಗಳಲ್ಲಿ ನಿಜವಾಗಿ ಕಾವಲು ಕೂರುವವರು ಇದ್ದಾರೆಯೇ? ಹುಡುಕುತ್ತಾ ಹೋದರೆ ಸಿಕ್ಕಿದ್ದು ಪನಾಮಾ.

ಪನಾಮಾ ಕಾಲುವೆಯ ಅಕ್ಕಪಕ್ಕದ ಕಾಡಂಚುಗಳಲ್ಲಿ ಆಕ್ರೋಮಿಸ್ ಸ್ಪಾರ್ಸಾ ಎಂಬ ಆಮೆ ಜೀರುಂಡೆಯಿದೆ. ಅದು ತಿನ್ನುವುದು ಮೆರ್ರೆಮಿಯಾ ಅಂಬೆಲಾಟಾ ಎಂಬ ಬಳ್ಳಿಯ ಎಲೆಯನ್ನು. ಆ ಬಳ್ಳಿಯೂ ನಮ್ಮ ಗೆಣಸಿನ ಕುಟುಂಬದ್ದೇ. ಅಂದರೆ ಈ ಇಬ್ಬರು ತಾಯಂದಿರ ಅಡುಗೆಮನೆ ಹೆಚ್ಚುಕಡಿಮೆ ಒಂದೇ. ಅಲ್ಲಿನ ಸ್ಮಿತ್‌ಸೋನಿಯನ್ ಉಷ್ಣವಲಯ ಸಂಶೋಧನಾ ಸಂಸ್ಥೆಯ ಡೊನಾಲ್ಡ್ ವಿಂಡ್ಸರ್ ಈ ಹುಳದ ಬದುಕನ್ನು ಹಿಂಬಾಲಿಸಿ 1987ರಲ್ಲಿ ವಿವರವಾಗಿ ಬರೆದರು. ಅವಳು ಮೊಟ್ಟೆಗಳ ಗೊಂಚಲಿಟ್ಟು ಅದರ ಮೇಲೇ ಕೂರುತ್ತಾಳೆ. ಮರಿ ಹೊರಬಂದ ಮೇಲೆ ಎದ್ದು ಹೋಗುತ್ತಾಳೆಯೇ ಅಂದರೆ, ಇಲ್ಲ. ಮರಿಗಳು ಮೇಯಲು ಹೊರಟರೆ ಜೊತೆಗೆ ಹೋಗುತ್ತಾಳೆ. ಮೇಯ್ದು ಬಂದು ಒತ್ತೊತ್ತಾಗಿ ಮುದುಡಿ ಕೂತರೆ ಅವುಗಳ ಮೇಲೆ ತನ್ನ ಅಗಲ ಚಿಪ್ಪು ಹರಡಿ ನಿಲ್ಲುತ್ತಾಳೆ. ಇರುವೆ ಬಂದರೆ ಅದಕ್ಕೂ ಮರಿಗಳಿಗೂ ನಡುವೆ ಅಡ್ಡ ಬರುತ್ತಾಳೆ. ಆಮೆ ಜೀರುಂಡೆಗೆ ಕಚ್ಚಲು ಹಲ್ಲಿಲ್ಲ, ಕುಟುಕಲು ಮುಳ್ಳಿಲ್ಲ. ಇರುವ ಆಯುಧವೆಂದರೆ ಮೈ. ಆ ಮೈಯನ್ನೇ ಬಾಗಿಲು ಮಾಡಿಕೊಂಡಿದ್ದಾಳೆ.

ಮರಿಗಳು ಬೆಳೆದು ಕೋಶವಾಗುವ ಹೊತ್ತಿಗೆ ಒಂದೇ ಕಡೆ ಸೇರುತ್ತವೆ. ಕೋಶಕ್ಕೆ ಓಡಲಾಗದು, ಕೊಡೆ ಆಡಿಸುವ ಶಕ್ತಿಯೂ ಅಷ್ಟಕ್ಕಷ್ಟೇ. ಆಗಲೂ ಅವಳು ಅಲ್ಲೇ. ಕೋಶ ಒಡೆದು, ಮೈ ಇನ್ನೂ ಮೆತ್ತಗಿರುವ ಹೊಸ ಜೀರುಂಡೆಗಳು ಹೊರಬರುವವರೆಗೆ ವಾರಗಟ್ಟಲೆ ಅವಳ ಕೆಲಸ ಇದೊಂದೇ. ಮೊಟ್ಟೆಯಿಂದ ಪ್ರೌಢಾವಸ್ಥೆಯವರೆಗೆ ಪೂರ್ತಿ ಬಾಣಂತನ, ಅದೂ ಸಹಾಯಕ್ಕೆ ತವರಿಲ್ಲದ ಬಾಣಂತನ, ಕೀಟಲೋಕದಲ್ಲಿ ಅಪರೂಪ. ಎಲೆ ಜೀರುಂಡೆಗಳ ಕುಟುಂಬದಲ್ಲಿ ಹೆಸರಿಟ್ಟ ಜಾತಿಗಳೇ 35 ಸಾವಿರಕ್ಕೂ ಹೆಚ್ಚು. ಅದರಲ್ಲಿ ಮರಿ ಕಾಯುವವು ಬೆರಳೆಣಿಕೆಯಷ್ಟು, ಅವೂ ಎರಡೇ ಉಪಕುಟುಂಬಗಳಲ್ಲಿ.

ಅಪ್ಪ ಎಲ್ಲಿ ಎಂದು ಕೇಳುವವರಿಗೆ: ಆಕ್ರೋಮಿಸ್ ಗಂಡಿನ ಹೊದಿಕೆ ರೆಕ್ಕೆಯ ಭುಜಗಳು ಮುಂದಕ್ಕೆ ಚಾಚಿಕೊಂಡಿವೆ. ಅದನ್ನು ಅವನು ಮರಿ ಕಾಯಲು ಬಳಸುವುದಿಲ್ಲ, ಇನ್ನೊಬ್ಬ ಗಂಡಿನ ಜೊತೆ ಗುದ್ದಾಡಲು ಬಳಸುತ್ತಾನೆ. ಹೆಚ್ಚು ಹೇಳಬೇಕಾಗಿಲ್ಲ.

ಇದೇ ಆಕ್ರೋಮಿಸ್ ಬಳಗದ ಇನ್ನೊಂದು ಜಾತಿಯ ತಾಯ್ತನವನ್ನು ಫ್ರೀಡ್ರಿಷ್ ಓಹಾಸ್ ಎಂಬ ಜರ್ಮನ್ ಕೀಟತಜ್ಞ ಸುಮಾರು 1900ರ ಹೊತ್ತಿಗೇ ಬ್ರೆಜಿಲ್‌ನಲ್ಲಿ ಕಂಡು ಬರೆದಿದ್ದರು. ಇದು ಉಷ್ಣವಲಯದ ಒಂದು ವಿಚಿತ್ರವಷ್ಟೇ ಅನ್ನಿಸಬಹುದು. ಆದರೆ 1990ರ ದಶಕದಲ್ಲಿ ಜಪಾನಿನ ಸಂಶೋಧಕರು ವಿಲೋ ಮರದ ಮೇಲೆ ಬದುಕುವ ಗೋನಿಯೋಕ್ಟೀನಾ ಸೈಬಿರಿಕಾ ಎಂಬ ಎಲೆ ಜೀರುಂಡೆಯಲ್ಲೂ ಇದನ್ನೇ ಕಂಡರು. ಅವಳು ಇನ್ನೂ ಒಂದು ಹೆಜ್ಜೆ ಮುಂದೆ: ಮೊಟ್ಟೆಯನ್ನು ಹೊಟ್ಟೆಯೊಳಗೇ ಬಲಿಸಿ ನೇರ ಮರಿಗಳನ್ನೇ ಇಡುತ್ತಾಳೆ, ಆಮೇಲೆ ಅವನ್ನು ಕಾಯುತ್ತಾಳೆ. ಹಿಮ ಬೀಳುವ ನಾಡಿನಲ್ಲಿ ವಿಲೋ ಚಿಗುರು ಎಳೆಯದಾಗಿರುವುದು ವಸಂತದ ಕೆಲವೇ ವಾರ. ಇನ್ನೊಂದು ಸಂಸಾರ ಹೂಡುವಷ್ಟು ಪುರಸೊತ್ತು ಋತುವೇ ಕೊಡದಿದ್ದರೆ ಇದ್ದ ಮಕ್ಕಳ ಹತ್ತಿರ ನಿಲ್ಲುವುದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ಕಳೆದುಕೊಳ್ಳುವುದು ಎಂಬ ಮಾತು ಬಂತು. ನನ್ನಂಥವರು ಇಂಥ ಕಥೆ ಓದುವಾಗ ಜಾರುವುದು ಇಲ್ಲೇ. ಪನಾಮಾದವಳು ಒಳ್ಳೆಯ ತಾಯಿ, ಮೈಸೂರಿನವಳು ಬಿಟ್ಟುಹೋದವಳು ಎಂದು ಅಂಕ ಹಾಕಿಬಿಡುತ್ತೇವೆ. ಕೀಟಗಳ ತಾಯ್ತನದ ಲೆಕ್ಕ ಬಿಡಿಸಿದವರಲ್ಲಿ ಡಗ್ಲಾಸ್ ಟ್ಯಾಲಮಿ ಮುಖ್ಯರು. ಅವರು 1980ರ ದಶಕದಲ್ಲಿ ಬದನೆ ಜಾತಿಯ ಕಳೆಗಿಡಗಳ ಮೇಲೆ ಬದುಕುವ ಒಂದು ಪುಟ್ಟ ಜಾಲರಿ ತಿಗಣೆಯನ್ನು ಹಿಡಿದು ಕೂತರು. ಅದರ ತಾಯಿಯೂ ಮರಿ ಕಾಯುತ್ತದೆ. ಕಾಯುತ್ತಾ ಇರುವಷ್ಟು ದಿನ ಹೊಸ ಮೊಟ್ಟೆ ಇಡುವುದಿಲ್ಲ; ಕಾವಲಿನ ಬೆಲೆ ಅದೇ. ಅದಕ್ಕೇ ಅವಕಾಶ ಸಿಕ್ಕರೆ ಕೆಲವು ತಾಯಂದಿರು ಏನು ಮಾಡುತ್ತವೆ ಗೊತ್ತೇ? ಪಕ್ಕದವಳ ಮೊಟ್ಟೆಗಳ ನಡುವೆ ತಮ್ಮವನ್ನೂ ಸೇರಿಸಿ, ಆಮೇಲೆ ಇನ್ನೊಂದು ಕಂತು ಮೊಟ್ಟೆಗೆ ಹೊರಟುಬಿಡುತ್ತವೆ. ಕೋಗಿಲೆಗೆ ಕಾಗೆಯ ಗೂಡಾದರೂ ಬೇಕು, ಇವಕ್ಕೆ ಒಂದು ಎಲೆ ಸಾಕು. ಹಾಗೆ ಮಾಡಿದವು ಒಟ್ಟಾರೆ ಹೆಚ್ಚು ಮೊಟ್ಟೆ ಇಡುತ್ತವೆ ಎಂದು ಟ್ಯಾಲಮಿ ತೋರಿಸಿದರು.

ನಿಲ್ಲುವುದಕ್ಕೂ ಬೆಲೆಯಿದೆ, ಹೋಗುವುದಕ್ಕೂ ಬೆಲೆಯಿದೆ ಎಂದಮೇಲೆ ನಡುವೆ ನೂರು ದಾರಿಗಳಿರಬೇಕು. ಒಂದು ತುದಿಯನ್ನು ನೋಡಲು ನಮ್ಮ ಊರಿನ ಖಾಲಿ ಸೈಟುಗಳಿಗೇ ಹೋಗಬಹುದು. ಅಲ್ಲಿ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಸೊಂಟದೆತ್ತರ ನಿಂತಿರುತ್ತದೆ. ಮಳೆ ಬಿದ್ದ ಮೇಲೆ ಅದರ ಮೇಲೆ ಮಾಸಲು ಬಿಳಿಯ ಮೈಗೆ ಕಂದು ಗೆರೆ ಎಳೆದ ಪುಟ್ಟ ಜೀರುಂಡೆ ಕಾಣುತ್ತದೆ. ಅದು ಮೆಕ್ಸಿಕೋದ್ದು, ಹೆಸರು ಜೈಗೋಗ್ರಾಮಾ ಬೈಕಲರೇಟಾ. ಪಾರ್ಥೇನಿಯಂ ತಿನ್ನಿಸಲೆಂದೇ 1983ರಲ್ಲಿ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಇದರ ತಾಯಿ ಎಲೆಯ ಅಡಿಗೆ ಮೊಟ್ಟೆಗಳನ್ನು ಅಂಟಿಸುತ್ತಾಳೆ, ಒಂದೊಂದಾಗಿ, ಇಲ್ಲವೇ ಚಿಕ್ಕ ಗುಂಪಾಗಿ. ಹೊದಿಕೆಯಿಲ್ಲ, ಚೀಲವಿಲ್ಲ, ಕಾವಲಂತೂ ಇಲ್ಲ. ಇಟ್ಟಳು, ನಡೆದಳು, ಜೀವಮಾನದಲ್ಲಿ ನೂರಾರು. ಮರಿಗಳು ತಿಂದು ಬೆಳೆದು ಮಣ್ಣಿಗಿಳಿದು ಅಲ್ಲೇ ಕೋಶವಾಗುತ್ತವೆ. ಒಣಗಾಲ ಬಂದರೆ ದೊಡ್ಡವೂ ಮಣ್ಣೊಳಗೆ ಸೇರಿ ಮುಂದಿನ ಮಳೆಯವರೆಗೆ ಮಲಗುತ್ತವೆ. ಯಾವ ಮಗು ಯಾರದು ಎಂದು ಯಾರೂ ಕೇಳುವುದಿಲ್ಲ, ಆದರೂ ನಾಲ್ಕು ದಶಕದಲ್ಲಿ ಆ ವಂಶ ಬೆಂಗಳೂರಿನಿಂದ ದೇಶದ ಉದ್ದಗಲಕ್ಕೂ ಹಬ್ಬಿದೆ.

ಈ ತುದಿಗೂ ಪನಾಮಾದ ತುದಿಗೂ ನಡುವೆ ನನ್ನ ಬಕೆಟ್ಟಿನವಳನ್ನು ಎಲ್ಲಿ ನಿಲ್ಲಿಸುವುದು? ಅವಳು ಬಿಟ್ಟು ಹೋದಳು ನಿಜ. ಆದರೆ ಆ ಚಿರೋಟಿ ಗಂಟಿಗೆ ಸುರಿದ ಅಂಟು ಎಲ್ಲಿಂದ ಬಂತು? ಅವಳು ತಿಂದ ಎಲೆಯಿಂದ, ಅವಳ ಮೈಯಿಂದ. ಅದೇ ಸಾರ ಇನ್ನಷ್ಟು ಮೊಟ್ಟೆಯಾಗಬಹುದಿತ್ತು. ಒಬ್ಬಳು ಕಾವಲಿಗೆ ದಿನಗಳನ್ನು ಖರ್ಚು ಮಾಡಿದಳು, ಇನ್ನೊಬ್ಬಳು ಹೊದಿಕೆಗೆ ಮೈಯನ್ನು. ನಾನು ಮೊದಲನೆಯದನ್ನು ಮಾತ್ರ ಕಂಡ ಕೂಡಲೇ ಗುರುತಿಸಿದೆ. ನಿಂತವರು ಫೋಟೋದಲ್ಲಿ ಬೀಳುತ್ತಾರೆ, ಹೊದಿಸಿ ಹೋದವರು ಬೀಳುವುದಿಲ್ಲ.

ಇದನ್ನು ಬರೆಯುವಾಗ ಒಂದು ತಟ್ಟೆ ಕಣ್ಣ ಮುಂದೆ ಬರುತ್ತಿದೆ, ಹೇಳಿಬಿಡುತ್ತೇನೆ. ಅಮ್ಮ ಟೀಚರಾಗಿದ್ದರು. ಏಳೂ ಮುಕ್ಕಾಲರ ಬಸ್ಸು ಹಿಡಿದರೆ ಊರಾಚೆಯ ಶಾಲೆ, ವಾಪಸು ಬರುವುದು ಸಂಜೆ ಐದೂವರೆಗೆ. ಮಧ್ಯಾಹ್ನ ನಾನು ಶಾಲೆಯಿಂದ ಬಂದು ಎದುರು ಮನೆಯಿಂದ ಬೀಗದ ಕೈ ಇಸಿದುಕೊಂಡು ಬಾಗಿಲು ತೆಗೆದರೆ ಅಡುಗೆಮನೆಯ ಕಟ್ಟೆಯ ಮೇಲೆ ಊಟ ಇರುತ್ತಿತ್ತು. ತಟ್ಟೆಯ ಮೇಲೆ ತಟ್ಟೆ ಕವುಚಿ, ಬೆಕ್ಕು ಸರಿಸದಂತೆ ಅದರ ಮೇಲೆ ಕಲ್ಲಿನ ಕುಟ್ಟಾಣಿ ಇಟ್ಟು, ಇರುವೆ ಹತ್ತದಂತೆ ಅಷ್ಟನ್ನೂ ನೀರು ತುಂಬಿದ ಅಗಲ ಹರಿವಾಣದ ನಡುವೆ ಬಟ್ಟಲು ಮಗುಚಿ ಕೂರಿಸಿ ಹೋಗುತ್ತಿದ್ದರು. ಎಷ್ಟು ಹೊತ್ತಿಗೆ ಏಳುತ್ತಿದ್ದರೋ. ಬೀಗದ ಕೈ ಕೊಡುವಾಗ ಎದುರು ಮನೆ ಅಜ್ಜಿ ದಿನಾ ಒಂದೇ ಮಾತು: “ಪಾಪ ಕೂಸು, ಬಂದಾಗ ತಾಯಿ ಎದುರಿಗಿರಲ್ಲ ನೋಡು.” ನನಗೆ ಆಗ ಅದು ನಿಜ ಅನ್ನಿಸಿ ಅಳು ಬರುತ್ತಿತ್ತು. ಹರಿವಾಣದ ನೀರಿನಲ್ಲಿ ತೇಲುತ್ತಿದ್ದ ಇರುವೆಗಳನ್ನು ಎಣಿಸುತ್ತಾ ಊಟ ಮಾಡುತ್ತಿದ್ದೆ.

ಹುಳದ ವಿಷಯ ಮಾತಾಡುತ್ತಾ ಒಮ್ಮೆ ಈ ತಟ್ಟೆಯ ಸುದ್ದಿ ತೆಗೆದೆ. ಅಮ್ಮ ಎರಡು ಕ್ಷಣ ಸುಮ್ಮನಿದ್ದು, “ಇಷ್ಟು ಓದ್ಸಿದ್ದಕ್ಕೆ ನನ್ನ ಹುಳಕ್ಕೆ ಹೋಲಿಸ್ತೀಯಾ?” ಎಂದರು. ಆಮೇಲೆ, “ಆ ಕುಟ್ಟಾಣಿ ಎಲ್ಲೋಯ್ತೋ” ಎಂದರು. ಮಾತು ಕುಟ್ಟಾಣಿಯ ಕಡೆ ಹೋಯಿತು.

ಸೆಪ್ಟೆಂಬರ್ ಮೊದಲ ವಾರ ಮರಿಗಳ ಓಡಾಟ ನಿಂತಿತು. ಒಂದೊಂದೇ ಎಲೆಗೆ, ತೊಟ್ಟಿಗೆ ಹಿಂಬದಿಯನ್ನು ಅಂಟಿಸಿಕೊಂಡು ಕೋಶವಾದವು. ಕಾವಲಿಗೆ ಯಾರೂ ಇಲ್ಲದ್ದರಿಂದ ಆ ಕೆಲಸ ನನ್ನ ಮೇಲೆ ಬಿತ್ತು ಅಂದುಕೊಂಡೆ. ತಾರಸಿಗೆ ಬರುವ ಪಿಕಳಾರ ಹಕ್ಕಿಯನ್ನು ಎರಡು ಸಲ ಓಡಿಸಿದೆ ಕೂಡ. ಗುಂಪು ಆ ಹೊತ್ತಿಗೆ ಅರ್ಧವಾಗಿತ್ತು. ಉಳಿದರ್ಧ ಯಾವಾಗ ಯಾರ ಬಾಯಿಗೆ ಹೋಯಿತೋ ನಾನು ಕಂಡಿಲ್ಲ. ಒಂದು ಬೆಳಿಗ್ಗೆ ಟ್ಯಾಂಕಿನ ಕಾಲಿನ ಮೇಲೆ ಇರುವೆ ಸಾಲೊಂದು ಮುಳ್ಳುಮುಳ್ಳಾದ ಏನನ್ನೋ ಹೊತ್ತು ಇಳಿಯುತ್ತಿತ್ತು. ಪನಾಮಾದವಳು ಇದ್ದಿದ್ದರೆ ಎಂದು ಆಗ ಅನ್ನಿಸಿದ್ದು ಸುಳ್ಳಲ್ಲ.

ವಾರ ಕಳೆದು, ಗೌರಿ ಹಬ್ಬದ ಹಿಂದಿನ ದಿನ, ಬಾಗಿನದ ಮೊರ ತೊಳೆದು ತಾರಸಿಗೆ ಒಣಗಲು ತಂದಾಗ ಮೊದಲ ಜೀರುಂಡೆ ಹೊರಬಂದಿತ್ತು. ಚುಕ್ಕೆಯಿಲ್ಲ, ಬಣ್ಣವಿಲ್ಲ, ನೀರಲ್ಲಿ ನೆನೆಸಿದ ಹಪ್ಪಳದ ಹಾಗೆ ಪೇಲವ. ದಿನಗಳು ಕಳೆದಂತೆ ಹಳದಿ ಏರಿತು, ಕಪ್ಪು ಚುಕ್ಕೆ ಮೂಡಿತು. ಇದರ ಸೋದರ ಜಾತಿಯೊಂದು ಅಪ್ಪಟ ಚಿನ್ನದ ಬಣ್ಣದ್ದು, ನಮ್ಮ ಕಡೆಯೂ ಇದೇ ಬಳ್ಳಿಗಳ ಮೇಲೆ ಸಿಗುತ್ತದೆ. ಚಿಕ್ಕಂದಿನಲ್ಲಿ ಜೀರ್ಜಿಂಬೆ ಹಿಡಿದು ಬೆಂಕಿಪೊಟ್ಟಣದಲ್ಲಿಟ್ಟವರು ಇದನ್ನೂ ಹಾಗೆ ಇಟ್ಟರೆ ಮೋಸಹೋಗುತ್ತಾರೆ. ಜೀರ್ಜಿಂಬೆಯ ಹೊಳಪು ಸತ್ತ ಮೇಲೂ ಉಳಿಯುತ್ತದೆ, ಇದರದ್ದು ಉಳಿಯುವುದಿಲ್ಲ. ಜೀವ ಹೋಗಿ ಮೈ ಒಣಗಿದ ಹಾಗೆ ಚಿನ್ನ ಕಂದಾಗುತ್ತದೆ.

ಎಂಟು ಜೀರುಂಡೆಗಳನ್ನು ಎಣಿಸಿದೆ. ಹಬ್ಬ ಮುಗಿಯುವಷ್ಟರಲ್ಲಿ ಎಲ್ಲವೂ ಹಾರಿಹೋಗಿದ್ದವು.

ಅಷ್ಟರಲ್ಲಿ ಹಂಬಿನ ಇನ್ನೊಂದು ತುದಿಯಲ್ಲಿ, ಬಟ್ಟೆತಂತಿಯ ಹತ್ತಿರ, ಎರಡನೆಯ ಚೀಲವೊಂದು ಕಣ್ಣಿಗೆ ಬಿದ್ದಿತ್ತು. ಇದನ್ನು ಮೊದಲಿನಿಂದ ಸರಿಯಾಗಿ ನೋಡಬೇಕೆಂದು ಎಲೆ ಸಮೇತ ಕಿತ್ತು, ತೊಟ್ಟನ್ನು ನೀರಿನಲ್ಲಿಟ್ಟು, ಗಾಜಿನ ಬಾಟಲಿಗೆ ಹಾಕಿ ತೆಳು ಬಟ್ಟೆ ಕಟ್ಟಿದೆ. ಹತ್ತು ದಿನವಾಯಿತು, ಹನ್ನೆರಡಾಯಿತು, ಮರಿ ಬರಲಿಲ್ಲ. ಒಂದು ಮಧ್ಯಾಹ್ನ ಬಾಟಲಿಯ ಗಾಜಿನ ಮೇಲೆ ಧೂಳು ಓಡಾಡಿದ ಹಾಗೆ ಕಂಡಿತು. ಭೂತಗನ್ನಡಿ ಹಿಡಿದೆ. ಸೂಜಿಮೊನೆಯಷ್ಟು ಗಾತ್ರದ ಕಣಜಗಳು, ರೆಕ್ಕೆ ಮೀಸೆ ಎಲ್ಲ ಸರಿಯಾಗಿರುವಂಥವು, ಹತ್ತಾರು. ಚೀಲದ ಮೇಲ್ಪದರದಲ್ಲಿ ಸೂಜಿಯಿಂದ ಚುಚ್ಚಿದಂತೆ ರಂಧ್ರಗಳು. ಅಷ್ಟು ಪದರಗಳನ್ನು ದಾಟಿ ಯಾವಳೋ ಕಣಜದ ತಾಯಿ ತನ್ನ ಮೊಟ್ಟೆಗಳನ್ನು ಇವಳ ಮೊಟ್ಟೆಗಳೊಳಗೆ ಇಟ್ಟು ಹೋಗಿದ್ದಳು. ಅವಳೂ ಕಾವಲು ಕೂತಿರಲಿಲ್ಲ. ಇನ್ನೊಬ್ಬಳ ಹೊದಿಕೆಯೇ ಅವಳ ಮಕ್ಕಳಿಗೂ ಸಾಕಾಗಿತ್ತು.

ಬಾಟಲಿಯ ಬಟ್ಟೆ ಬಿಚ್ಚಿ ಅಮ್ಮನಿಗೆ ಫೋನ್ ಮಾಡಿದೆ. ಅಷ್ಟು ಕಷ್ಟಪಟ್ಟು ಕಟ್ಟಿದ ಗಂಟು, ಒಂದೂ ಉಳಿಯಲಿಲ್ಲ ಎಂದೆ. ನನ್ನ ದನಿ ಸ್ವಲ್ಪ ಭಾರವಾಗಿತ್ತೇನೋ.

“ಒಂದೇ ಕಡೆ ಇಟ್ಟಿರತ್ತಾ ಪೆದ್ದಿ?” ಎಂದರು ಅಮ್ಮ. “ಸರಿಯಾಗಿ ಹುಡುಕು, ಇನ್ನೂ ನಾಲ್ಕು ಕಡೆ ಇಟ್ಟಿರತ್ತೆ. ಸಿಕ್ರೆ ಈ ಸಲನಾದ್ರೂ ಕಿತ್ತು ಬಿಸಾಕು.”